ದಾವಣಗೆರೆ ಚರ್ಚಿಗೆ ವೆಬ್‌ಸೈಟ್: ಡ್ರುಪಲ್ಲಾ, ವರ್ಡ್‌ಪ್ರೆಸ್ಸಾ, ಬೇರೆ ಏನಾದ್ರೂನಾ?

ಪೀಜೆ_ಹುಡುಗ:
ಎಲ್ರಿಗೂ ನಮಸ್ಕಾರ. ನಮ್ದು ದಾವಣಗೆರೆಲಿ ಸಣ್ಣ ಚರ್ಚು, ನೂರಿಪ್ಪತ್ತು ಮನೆ ಇರ್ಬೋದು. ಯುವಜನರ ಮೀಟಿಂಗಲ್ಲಿ ವೆಬ್‌ಸೈಟ್ ಮಾತು ಬಂತು, ಕಂಪ್ಯೂಟರ್ ಓದಿರೋನು ಇವನೇ ಅಂತ ನನ್ ತಲೆಗೆ ಕಟ್ಟಿದ್ರು. ಬೇಕಿರೋದು ಪೂಜೆ ಟೈಮಿಂಗ್ಸು, ಭಾನುವಾರದ ಪ್ರಸಂಗದ ವಿಡಿಯೋ, ಹಬ್ಬದ ಫೋಟೋ, ಕಾಣಿಕೆಗೆ ಒಂದು ಕ್ಯೂಆರ್, ಅಷ್ಟೇ. ಕಾಲೇಜಲ್ಲಿ ಡ್ರುಪಲ್ 7ರಲ್ಲಿ (ವರ್ಡ್‌ಪ್ರೆಸ್ ಥರಾನೇ ವೆಬ್‌ಸೈಟ್ ಕಟ್ಟೋ ಸಾಫ್ಟ್‌ವೇರು) ಪ್ರಾಜೆಕ್ಟ್ ಮಾಡಿದ್ದೆ, ಅದ್ರಲ್ಲೇ ಮಾಡ್ಲಾ ಅಂತ. ಫಾದರ್ ಮಾತ್ರ ಸೆಕ್ರೆಟರಿ ಅಂಕಲ್ಲೇ ಅಪ್‌ಡೇಟ್ ಮಾಡೋ ಹಂಗಿರ್ಬೇಕಪ್ಪಾ ಅಂತಾರೆ, ಅಂಕಲ್‌ಗೆ ವಾಟ್ಸಾಪ್ ಬಿಟ್ರೆ ಏನೂ ಬರಲ್ಲ.

ಕೋಟೆ_ಕೆಳಗಿನವ:
ಡ್ರುಪಲ್ 7 ಕಥೆ 2025ರ ಜನವರಿ 5ಕ್ಕೇ ಮುಗೀತು, ಸೆಕ್ಯುರಿಟಿ ಅಪ್‌ಡೇಟೂ ಬರಲ್ಲ, ಮುಟ್ಬೇಡ. ಹೊಸ ಡ್ರುಪಲ್ ಒಳ್ಳೇದೇ, ಆದ್ರೆ ನೂರಿಪ್ಪತ್ತು ಮನೆಗೆ ಅದು ಲಾರಿ ತಂದು ತರಕಾರಿ ಚೀಲ ಹೇರಿದಂಗೆ. ವರ್ಡ್‌ಪ್ರೆಸ್ ಹಾಕು, ಅಂಕಲ್‌ಗೆ ಅಡ್ಮಿನ್ ಕೊಡ್ಬೇಡ ಎಡಿಟರ್ ರೋಲ್ ಕೊಡು, ಕಮೆಂಟ್ ಆಫ್ ಮಾಡು, ಇಲ್ಲಾಂದ್ರೆ ಬೆಳಗ್ಗೆ ಎದ್ದು ನೋಡಿದ್ರೆ ಬರೀ ಸ್ಪ್ಯಾಮು. ವಿಡಿಯೋನ ಸೈಟ್‌ಗೆ ಏರಿಸ್ಬೇಡ, ಯೂಟ್ಯೂಬಲ್ಲಿ ಹಾಕಿ ಲಿಂಕ್ ಅಂಟಿಸು.

ಇನ್ನೊಂದು, ಇದು ನಮಗೆ ಆಗಿದ್ದು. ಇಲ್ಲಿ ದುರ್ಗದಲ್ಲಿ ನಮ್ಮ ಸೈಟ್ ಮಾಡ್ಕೊಟ್ಟ ಹುಡುಗ ಡೊಮೇನ್ (ಸೈಟಿನ ವಿಳಾಸ) ತನ್ನ ಹೆಸರಲ್ಲೇ ತಗೊಂಡಿದ್ದ. ಬೆಂಗಳೂರಿಗೆ ಹೋದ, ನಂಬರ್ ಚೇಂಜ್ ಆಯ್ತು, ರಿನ್ಯೂವಲ್ ಮೇಲ್ ಅವ್ನಿಗೇ ಹೋಗ್ತಿತ್ತು, ಕ್ರಿಸ್ಮಸ್ ವಾರದಲ್ಲೇ ಸೈಟ್ ಮಾಯ. ಹಳೇ ಫಾದರ್‌ಗೂ ಟ್ರಾನ್ಸ್‌ಫರ್ ಆಗಿತ್ತು, ಪಾಸ್‌ವರ್ಡ್ ಯಾರತ್ರ ಐತೆ ಅಂತ ಕೇಳಿದ್ರೆ ಎಲ್ರೂ ಇನ್ನೊಬ್ರ ಮುಖ ನೋಡೋರು. ಚರ್ಚ್ ಹೆಸರಲ್ಲೇ ಒಂದು ಮೇಲ್ ಐಡಿ ಮಾಡಿ ಡೊಮೇನು ಹೋಸ್ಟಿಂಗು ಎಲ್ಲಾ ಅದಕ್ಕೇ ಕಟ್ಟು.

ಒತ್ತಕ್ಷರ:
ಕನ್ನಡದ್ದು ಯಾರೂ ಹೇಳ್ಲಿಲ್ಲ. ನಿಮ್ಮ ಹಳೇ ವಾರಪತ್ರ ಎಲ್ಲಾ ನುಡಿ ಇಲ್ಲಾ ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರಲ್ಲಿ ಟೈಪ್ ಆಗಿರುತ್ತೆ, ಹಳೇ ನುಡಿ ಫಾಂಟಿನ ಫೈಲನ್ನ ಹಂಗೇ ಕಾಪಿ ಮಾಡಿ ಅಂಟಿಸಿದ್ರೆ ಇಂಗ್ಲಿಷ್ ಅಕ್ಷರದ ಕಲಸುಮೇಲೋಗರ ಬರುತ್ತೆ, ಮೊದ್ಲು ಯೂನಿಕೋಡ್‌ಗೆ (ಎಲ್ಲಾ ಫೋನು ಕಂಪ್ಯೂಟರಲ್ಲೂ ಓದೋಕಾಗೋ ಅಕ್ಷರಕ್ಕೆ) ಕನ್ವರ್ಟ್ ಮಾಡ್ಕೊಳ್ಳಿ. ಥೀಮ್ (ಸೈಟಿನ ರೆಡಿಮೇಡ್ ವಿನ್ಯಾಸ) ಯಾವ್ದೇ ತಗೊಂಡ್ರೂ ಹೆಡ್ಡಿಂಗಲ್ಲಿ "ಕ್ರಿಸ್ತ" ಅಂತ ಎರಡು ಸಾಲಿಗೆ ಬರೋ ಹಂಗೆ ಟೈಪ್ ಮಾಡಿ ನೋಡಿ. ಬಹಳಷ್ಟು ಥೀಮ್‌ಗಳ ಸಾಲಿನ ಎತ್ತರ ಇಂಗ್ಲಿಷ್‌ಗೆ ಅಳತೆ ಮಾಡಿದ್ದು, ಕೆಳಗಿನ ತ ಒತ್ತು ಮುಂದಿನ ಸಾಲಿನ ತಲೆ ಮೇಲೆ ಕೂತಿರುತ್ತೆ. ಸಾಲಿನ ಎತ್ತರನ ಅಕ್ಷರದ ಸೈಜಿನ 1.7 ಪಟ್ಟಿನ ಸುತ್ತ ಇಟ್ರೆ ಸರಿ ಹೋಗುತ್ತೆ. ಫಾಂಟಿಗೆ ನೋಟೋ ಸಾನ್ಸ್ ಕನ್ನಡ ಫ್ರೀನೇ ಸಿಗುತ್ತೆ.

ಮಂಡಕ್ಕಿ_ಮಿರ್ಚಿ:
ನಾಲ್ಕು ಪೇಜಿಗೆ ವರ್ಡ್‌ಪ್ರೆಸ್ ಯಾಕ್ರೀ, ಅದಕ್ಕೆ ಸೇರಿಸೋ ಪ್ಲಗಿನ್ ಅನ್ನೋ ಚಿಕ್ಕ ಸಾಫ್ಟ್‌ವೇರ್‌ಗಳ ಅಪ್‌ಡೇಟ್ ಯಾರ್ ಮಾಡ್ತಾರೆ? ಗೂಗಲ್‌ನೋರದ್ದೇ ಸೈಟ್ ಕಟ್ಟೋ ಗೂಗಲ್ ಸೈಟ್ಸ್ ಫ್ರೀ. ಪೂಜೆ ಟೈಮಿಗೆ ಗೂಗಲ್ ಕ್ಯಾಲೆಂಡರ್ ಕೂರಿಸಿಬಿಡಿ, ಅಂಕಲ್ ಫೋನಲ್ಲಿ ಕ್ಯಾಲೆಂಡರ್ ತೆಗೆದು ಏಳು ಗಂಟೆನ ಏಳೂವರೆ ಮಾಡಿದ್ರೆ ಸೈಟಲ್ಲೂ ಚೇಂಜ್ ಆಗುತ್ತೆ. ನಾಳೆ ಬೇರೆ ಕಡೆಗೆ ಸಾಗಿಸ್ಬೇಕಂದ್ರೆ ಮಾತ್ರ ಕಷ್ಟ, ಕೈಯಲ್ಲೇ ಕಾಪಿ ಮಾಡ್ಬೇಕು.

ಕೋಟೆ_ಕೆಳಗಿನವ:
ಅದೂ ಸರಿನೇ ಬಿಡಿ. ಕ್ಯೂಆರ್ ಬಗ್ಗೆ ಒಂದ್ ಮಾತು: ಚರ್ಚ್ ಅಕೌಂಟಿನ ಯುಪಿಐ ಹಾಕು, ಯಾರ ಪರ್ಸನಲ್ ನಂಬರೂ ಬೇಡ. ವಿದೇಶಿ ಕಾರ್ಡ್ ತಗೊಳ್ಳೋ ಬಟನ್ ಇಡೋಕೆ ಹೋಗ್ಬೇಡ, ಫಾರಿನ್ ದುಡ್ಡಿಗೆ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ರಿಜಿಸ್ಟ್ರೇಷನ್ ಬೇಕು, ಅದೂ ಮೊದಲು ಎಸ್‌ಬಿಐ ನವದೆಹಲಿ ಮೇನ್ ಬ್ರಾಂಚ್ ಖಾತೆಗೇ ಬರ್ಬೇಕು.

ಪೀಜೆ_ಹುಡುಗ:
ಎಫ್‌ಸಿಆರ್‌ಎ ವಿಷ್ಯ ತಲೆಗೇ ಬಂದಿರ್ಲಿಲ್ಲ, ದುಬೈಲಿರೋರು ಕಳಿಸ್ತೀವಿ ಅಂತಿದ್ರು, ಅದನ್ನ ಫಾದರ್ ಹತ್ರ ಕೇಳ್ತೀನಿ. ನಿನ್ನೆ ಪೂಜೆ ಆದ್ಮೇಲೆ ಅಂಕಲ್ ಕೈಗೆ ಫೋನ್ ಕೊಟ್ಟು ಎರಡೂ ಟ್ರೈ ಮಾಡ್ಸಿದೆ. ವರ್ಡ್‌ಪ್ರೆಸ್ಸಲ್ಲಿ ಬ್ಲಾಕು ಬ್ಲಾಕು ನೋಡಿ ಗಾಬರಿ ಆದ್ರು, ಕ್ಯಾಲೆಂಡರ್ ಎರಡೇ ನಿಮಿಷಕ್ಕೆ ಬಂತು. ಸದ್ಯಕ್ಕೆ ಗೂಗಲ್ ಸೈಟ್ಸೇ. ಮೇಲ್ ಐಡಿ ಚರ್ಚ್ ಹೆಸರಲ್ಲಿ ಮಾಡಿ ಪಾಸ್‌ವರ್ಡ್ ಬರೆದು ಜ್ಞಾನಸ್ನಾನದ ರಿಜಿಸ್ಟರ್ ಇಡೋ ಬೀರುಗೆ ಹಾಕಿದೀವಿ. ಒಟಿಪಿ ಯಾರ ನಂಬರಿಗೆ ಬರ್ಬೇಕು ಅನ್ನೋದೊಂದು ಇನ್ನೂ ತೀರ್ಮಾನ ಆಗಿಲ್ಲ.