ಮೈಲೋಮಾಕ್ಕೆ ಎಲುಬಿನ ಇಂಜೆಕ್ಷನ್: ಅಲುಗಾಡುವ ಹಲ್ಲು ಇರುವಾಗ ಹಾಕಿಸಬಹುದೆ?

ಪ್ರಶ್ನೆ (ಜಮಖಂಡಿಯಿಂದ)

ಮಾನ್ಯರೇ, 64 ವರ್ಷದ ನಮ್ಮ ತಂದೆಯವರಿಗೆ ಮಲ್ಟಿಪಲ್ ಮೈಲೋಮಾ ಎಂಬ ರಕ್ತದ ಕ್ಯಾನ್ಸರ್ ಇರುವುದು ಪತ್ತೆಯಾಗಿದೆ. ಬೆನ್ನುನೋವು ಕಬ್ಬಿನ ಹೊಲದ ದುಡಿಮೆಯಿಂದ ಬಂದದ್ದೆಂದು ಭಾವಿಸಿ ಒಂದು ವರ್ಷ ನೋವಿನ ಮಾತ್ರೆಗಳಲ್ಲೇ ಕಳೆದರು. ಈಗ ಬೆನ್ನೆಲುಬಿನ ಎರಡು ಮಣಿಗಳು ಕುಸಿದಿವೆ. ಬೆಳಗಾವಿಯ ವೈದ್ಯರು ಕಿಮೋ ಜೊತೆಗೆ ತಿಂಗಳಿಗೊಮ್ಮೆ ಝೋಲೆಡ್ರೋನಿಕ್ ಆಸಿಡ್ ಎಂಬ ಎಲುಬಿನ ಇಂಜೆಕ್ಷನ್ ಕೊಡಬೇಕೆಂದಿದ್ದಾರೆ. ಮೂತ್ರಪಿಂಡದ ಸ್ಥಿತಿ ತಿಳಿಸುವ ರಕ್ತಪರೀಕ್ಷೆಯಲ್ಲಿ ಕ್ರಿಯೇಟಿನಿನ್ 1.6 ಇದೆ, ಒಂದು ದವಡೆಹಲ್ಲು ಅಲುಗಾಡುತ್ತಿದೆ. ಈ ಇಂಜೆಕ್ಷನ್‌ನಿಂದ ದವಡೆ ಕೊಳೆಯುತ್ತದೆಂದು ಬೀಗರೊಬ್ಬರು ಹೆದರಿಸಿದ ಮೇಲೆ ತಂದೆಯವರು ಇಂಜೆಕ್ಷನ್ನೇ ಬೇಡವೆನ್ನುತ್ತಿದ್ದಾರೆ.

ಉತ್ತರ 1 (ವಿಜಯಪುರದಿಂದ)

ನಮ್ಮ ತಾಯಿಯವರು ಇದೇ ಔಷಧವನ್ನು ಎರಡು ವರ್ಷ ಪಡೆದರು. ಮೊದಲ ಸಲ ಜ್ವರ, ಮೈಕೈ ನೋವು ಬಂದು ಎರಡು ದಿನಗಳಲ್ಲಿ ಇಳಿಯಿತು. ಮುಂದೆ ಅದು ಮರುಕಳಿಸಲಿಲ್ಲ. ನಾವು ಮಾಡಿದ ತಪ್ಪು ಬೇರೆ. ನಡುವೆ ಹಲ್ಲುನೋವು ಬಂದಾಗ ಈ ಇಂಜೆಕ್ಷನ್ ವಿಷಯ ತಿಳಿಸದೆ ಹಲ್ಲು ಕೀಳಿಸಿದೆವು, ದಂತವೈದ್ಯರೂ ಕೇಳಲಿಲ್ಲ. ಆ ಗಾಯ ತಿಂಗಳುಗಟ್ಟಲೆ ಮಾಯಲಿಲ್ಲ. ರೊಟ್ಟಿಯನ್ನು ಹಾಲಿನಲ್ಲಿ ನೆನೆಸಿ ತಿನ್ನುವಂತಾಯಿತು.

ಉತ್ತರ 2 (ಬೆಳಗಾವಿಯಿಂದ, ಔಷಧಶಾಸ್ತ್ರ ಬೋಧಕ)

ಬೀಗರು ಹೇಳಿದ್ದು ಸುಳ್ಳಲ್ಲ, ಆದರೆ ಅರ್ಧ ಮಾತು. ಮೈಲೋಮಾ ಕೋಶಗಳು ಎಲುಬನ್ನು ಕರಗಿಸುವ ಕೋಶಗಳನ್ನು ಕೆರಳಿಸಿ, ಕಟ್ಟುವ ಕೋಶಗಳನ್ನು ಅಡಗಿಸುತ್ತವೆ. ಈ ಔಷಧವು ಕರಗಿಸುವ ಕೋಶಗಳನ್ನು ತಡೆಯುವುದರಿಂದ ಮಣಿ ಕುಸಿಯುವುದೂ ನೋವೂ ಕಡಿಮೆಯಾಗುತ್ತವೆ. 2010ರಲ್ಲಿ ಪ್ರಕಟವಾದ, 1,960 ಮೈಲೋಮಾ ರೋಗಿಗಳ ಬ್ರಿಟಿಷ್ ಅಧ್ಯಯನದಲ್ಲಿ ಝೋಲೆಡ್ರೋನಿಕ್ ಆಸಿಡ್ ಪಡೆದವರಲ್ಲಿ ಸಾವಿನ ಅಪಾಯವು ಕ್ಲೋಡ್ರೋನೇಟ್ ಎಂಬ ಇನ್ನೊಂದು ಎಲುಬಿನ ಮಾತ್ರೆ ಪಡೆದವರಿಗಿಂತ ಶೇ. 16ರಷ್ಟು ಕಡಿಮೆಯಿತ್ತು. ದವಡೆಯ ತೊಂದರೆ ಕಂಡದ್ದು ಸುಮಾರು ಶೇ. 4 ಮಂದಿಯಲ್ಲಿ, ಅಂಥ ತೊಂದರೆ ಹೆಚ್ಚಾಗಿ ಹಲ್ಲು ಕಿತ್ತ ಜಾಗದಲ್ಲಿಯೇ ಆರಂಭವಾಗುತ್ತದೆ. ಹಾಗಾಗಿ ಹಲ್ಲು ಕೀಳುವ ಅಗತ್ಯವಿದ್ದರೆ ಇಂಜೆಕ್ಷನ್‌ಗೆ ಮೊದಲೇ ಕೀಳಿಸಿ, ಎರಡು ಮೂರು ವಾರಗಳಲ್ಲಿ ವಸಡು ಮುಚ್ಚಿಕೊಂಡ ಬಳಿಕ ಆರಂಭಿಸುವ ಬಗ್ಗೆ ವೈದ್ಯರನ್ನು ಕೇಳಿರಿ. ಎಲೆ, ತಂಬಾಕು ಜಗಿಯುವ ರೂಢಿಯಿದ್ದರೆ ಅದಂತೂ ಇಂದೇ ನಿಲ್ಲಬೇಕು.

ನನಗೆ ಹಲ್ಲಿಗಿಂತ ಹೆಚ್ಚು ಚಿಂತೆ ಮೂತ್ರಪಿಂಡದ್ದು. ತೂಕ 60 ಕೆ.ಜಿ. ಎಂದು ಹಿಡಿದರೆ 1.6 ಕ್ರಿಯೇಟಿನಿನ್‌ಗೆ ಸೋಸುವ ಶಕ್ತಿ ನಿಮಿಷಕ್ಕೆ ಸುಮಾರು 40 ಮಿ.ಲೀ. ಆಗುತ್ತದೆ. ಆಗ ವಾಡಿಕೆಯ 4 ಮಿ.ಗ್ರಾಂ. ಬದಲು 3ರಿಂದ 3.3 ಮಿ.ಗ್ರಾಂ. ಕೊಡುತ್ತಾರೆ, ಸೋಸುವ ಶಕ್ತಿ 30ಕ್ಕಿಂತ ಕೆಳಗಿಳಿದರೆ ಕೊಡುವುದಿಲ್ಲ. ಸಲೈನ್ ಮೂಲಕ ಕನಿಷ್ಠ 15 ನಿಮಿಷ ನಿಧಾನವಾಗಿ ಹರಿಸಬೇಕು.

ಪ್ರಶ್ನೆ ಕೇಳಿದವರು

ಧನ್ಯವಾದಗಳು. ತೂಕ 58 ಕೆ.ಜಿ. ಇದೆ. ಡೆನೋಸುಮ್ಯಾಬ್ ಎಂಬ ಇನ್ನೊಂದು ಎಲುಬಿನ ಇಂಜೆಕ್ಷನ್ ಮೂತ್ರಪಿಂಡಕ್ಕೆ ಹಗುರವೆಂದು ಕೇಳಿದ್ದೇನೆ, ಅದೇ ಮೇಲಲ್ಲವೆ?

ಉತ್ತರ 2ರ ಲೇಖಕರು

ಎಲುಬಿನ ರಕ್ಷಣೆಯಲ್ಲಿ ಅದು ಕಡಿಮೆಯಲ್ಲವೆಂದು 2018ರ ದೊಡ್ಡ ಅಧ್ಯಯನ ತೋರಿಸಿದೆ, ಮೂತ್ರಪಿಂಡಕ್ಕೂ ಹಗುರ. ಆದರೆ ದವಡೆಯ ಅಪಾಯ ಅದರಲ್ಲಿಯೂ ಇದೆ, ರಕ್ತದ ಕ್ಯಾಲ್ಸಿಯಂ ಹೆಚ್ಚಾಗಿ ಕುಸಿಯುತ್ತದೆ, ಹಠಾತ್ತನೆ ನಿಲ್ಲಿಸಿದರೆ ಬೆನ್ನುಮಣಿಗಳು ಮತ್ತೆ ಮುರಿಯಬಹುದು. ಖರ್ಚಿಗೆ ಹೆದರಿ ನಡುವೆ ಬಿಡುವ ಸಂಭವವಿದ್ದರೆ ಅದನ್ನು ವೈದ್ಯರಿಗೆ ಮೊದಲೇ ಹೇಳಿಬಿಡಿ. ಯಾವುದನ್ನೇ ಆರಿಸಿದರೂ ವಿಟಮಿನ್ ಡಿ ಪರೀಕ್ಷೆ ಮಾಡಿಸಿ. ಝೋಲೆಡ್ರೋನಿಕ್ ಆದರೆ ಪ್ರತಿ ಸಲವೂ ಕ್ರಿಯೇಟಿನಿನ್ ವರದಿ ಕೈಗೆ ಬಂದ ನಂತರವೇ ಇಂಜೆಕ್ಷನ್. ತಂದೆಯವರು ವರ್ಷವಿಡೀ ನುಂಗಿದ ಆ ನೋವಿನ ಮಾತ್ರೆಗಳ ಚೀಟಿಯನ್ನೂ ವೈದ್ಯರಿಗೆ ತೋರಿಸಿ, ಅಂಥ ಕೆಲವು ಮಾತ್ರೆಗಳು ಮೂತ್ರಪಿಂಡಕ್ಕೆ ಹಾನಿ ಮಾಡಬಲ್ಲವು.