2024ರಲ್ಲಿ ತಪ್ಪಿಹೋದ ಪ್ರಯಾಣಗಳಿಂದ ನಿಮಗೇನು ದಕ್ಕಿತು?

ಪ್ರಶ್ನೆ (ಪುತ್ತೂರಿನವನು, ಈಗ ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ಈ ಮಳೆಗಾಲದಲ್ಲಿ ನಾನು ಅಂದುಕೊಂಡ ಪ್ರಯಾಣಗಳಲ್ಲಿ ಒಂದೂ ಅಂದುಕೊಂಡಂತೆ ನಡೆಯಲಿಲ್ಲ. ಅಪ್ಪ-ಅಮ್ಮನನ್ನು ಕಾರವಾರದ ಅತ್ತೆಯ ಮನೆಗೆ ಕರೆದೊಯ್ಯಬೇಕೆಂದಿದ್ದಾಗ, ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ 66 ಮುಚ್ಚಿತು. ಊರಿನಲ್ಲಾದರೂ ನಾಲ್ಕು ದಿನ ಇದ್ದು ಬರೋಣವೆಂದು ಪುತ್ತೂರಿಗೆ ಹೋದರೆ, 26ರಂದು ಘಟ್ಟದ ರೈಲು ಮಾರ್ಗದ ಎಡಕುಮೇರಿ ಮತ್ತು ಕಡಗರವಳ್ಳಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ, ನಾನು ಹಿಂದಿರುಗಬೇಕಿದ್ದ ರೈಲು ರದ್ದಾಯಿತು. ಶಿರಾಡಿ ಘಾಟಿಯಲ್ಲಿ ದೋಣಿಗಾಲ್ ಬಳಿ ಮತ್ತೆ ಮತ್ತೆ ಮಣ್ಣು ಬೀಳುತ್ತಿದ್ದುದರಿಂದ ಬಸ್ಸನ್ನೂ ನಂಬುವಂತಿರಲಿಲ್ಲ.

ಹೀಗೆ ಉಳಿದುಹೋದ ಹತ್ತು-ಹನ್ನೆರಡು ದಿನಗಳಲ್ಲಿ, ಹದಿನಾಲ್ಕು ವರ್ಷಗಳ ಬಳಿಕ ತುಳುನಾಡಿನ ಮಳೆಗಾಲದ ಆಟಿ ತಿಂಗಳನ್ನು ಊರಿನಲ್ಲಿ ಕಳೆದೆ. ಬೇಸಗೆಗೋ ದೀಪಾವಳಿಗೋ ಬಂದು ಹೋಗುವ ನನಗೆ ಆಟಿ ಎಂದರೆ ಫೋನಿನಲ್ಲಿ ಅಮ್ಮನ ಮಾತಿನ ಹಿಂದೆ ಕೇಳಿಸುವ ಮಳೆಯಷ್ಟೇ ಆಗಿತ್ತು. ಅಮ್ಮ ಭರಣಿಯಿಂದ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ತೆಗೆದು, ಉಪ್ಪು ಬಿಡುವವರೆಗೆ ಮೂರು ಸಲ ನೀರು ಬದಲಿಸಿ, ಅಕ್ಕಿಯೊಂದಿಗೆ ರುಬ್ಬಿ ಬಾಳೆಲೆಯ ಮೇಲೆ ರೊಟ್ಟಿ ತಟ್ಟುತ್ತಿದ್ದರೆ, ನಾನು ಒಲೆಯ ಪಕ್ಕದಲ್ಲೇ ಕುಳಿತಿರುತ್ತಿದ್ದೆ. ಆಗಸ್ಟ್ 4ರ ಆಟಿ ಅಮಾವಾಸ್ಯೆಯಂದು ಬೆಳಕು ಹರಿಯುವ ಮುನ್ನ ಅಪ್ಪ ನನ್ನನ್ನು ತೋಟದ ಅಂಚಿಗೆ ಕರೆದೊಯ್ದು, ಕತ್ತಿ ತಾಗಿಸದೆ ಕಲ್ಲಿನಿಂದಲೇ ಜಜ್ಜಿ ಹಾಲೆ ಮರದ ತೊಗಟೆ ತೆಗೆದರು. ಅಂದು ಅದರ ಕಷಾಯ ಕುಡಿಯುವುದು ನಮ್ಮ ಕಡೆಯ ರೂಢಿ. ಕಾಸರಕನೆಂಬ ವಿಷದ ಮರದ ತೊಗಟೆಯನ್ನು ಹಾಲೆಯದೆಂದು ತಪ್ಪಿ ಕುಡಿದರೆ ಜೀವಕ್ಕೇ ಅಪಾಯ. ಆದ್ದರಿಂದ ಟಾರ್ಚ್ ಬೆಳಕಿನಲ್ಲಿ, ಒಂದೇ ಗೆಣ್ಣಿನ ಸುತ್ತ ಏಳರಷ್ಟು ಎಲೆಗಳು ಹರಡಿರುವುದನ್ನು ಎಣಿಸಿ ತೋರಿಸಿದರು. ಅಪ್ಪನಿಗೆ ಈಗ ಎಪ್ಪತ್ತೆರಡು. ರೈಲು ಓಡಿದ್ದರೆ ಆ ಮರದ ಗುರುತು ನನಗೆ ಸಿಗುತ್ತಿರಲಿಲ್ಲ.

ನಿಮಗೂ ಇಂಥದ್ದೇನಾದರೂ ದಕ್ಕಿದ್ದರೆ ದಯವಿಟ್ಟು ಬರೆಯಿರಿ.

ಉತ್ತರ 1 (ಮಡಿಕೇರಿಯವಳು, ಈಗ ದುಬೈ)

ಜುಲೈ ನಡುವಿನಲ್ಲಿ ಕರ್ತೋಜಿ ಬಳಿ ಗುಡ್ಡ ಜಾರುವ ಭೀತಿಯಿಂದ ಮಡಿಕೇರಿಯಿಂದ ಮಂಗಳೂರಿನತ್ತ ಇಳಿಯುವ ಸಂಪಾಜೆ ದಾರಿಯಲ್ಲಿ ರಾತ್ರಿ ಸಂಚಾರ ನಿಲ್ಲಿಸಿದಾಗ, ಮಂಗಳೂರಿನಿಂದ ಬೆಳಗಿನ ಜಾವ ಹೊರಡುವ ನನ್ನ ವಿಮಾನ ತಪ್ಪುವುದು ಖಚಿತವಾಯಿತು. ಟಿಕೆಟನ್ನು ಆಗಸ್ಟಿಗೆ ಮುಂದೂಡಿದ್ದರಿಂದ ಆಗಸ್ಟ್ 3ರ ಕಕ್ಕಡ ಪದಿನೆಟ್ಟಿಗೆ (ಕೊಡವರ ಕಕ್ಕಡ ತಿಂಗಳ ಹದಿನೆಂಟನೆಯ ದಿನ) ಮನೆಯಲ್ಲಿದ್ದೆ. ಅಂದು ಔಷಧಿಯೆಂದು ಉಣ್ಣುವ ಮದ್ದು ಸೊಪ್ಪು ಬೇಯಿಸಿದ ನೀರು ಅಷ್ಟು ಗಾಢವಾದ ನೇರಳೆ ಬಣ್ಣಕ್ಕೆ ತಿರುಗುವುದನ್ನು ನನ್ನ ಮಗಳು ಅಂದೇ ಮೊದಲು ನೋಡಿದ್ದು. ಅದರ ಪಾಯಸವನ್ನು ಅಜ್ಜಿಯ ಕೈಯಿಂದ ಉಂಡಳು.

ಉತ್ತರ 2 (ನಿವೃತ್ತ ರೈಲ್ವೆ ನೌಕರ, ಹಾಸನ)

ರೈಲು ತಡವಾದುದಕ್ಕೆ ಬೇಸರಪಟ್ಟವರಿಗೆ ಒಂದು ಮಾತು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗಿನ 55 ಕಿ.ಮೀ. ದಾರಿಯಲ್ಲಿ 57 ಸುರಂಗಗಳಿವೆ. ಐವತ್ತು ಅಡಿ ಸಾಗಿದರೆ ಒಂದು ಅಡಿ ಏರುವಷ್ಟು ಕಡಿದು. ಕುಸಿದ ಜಾಗಕ್ಕೆ ಲಾರಿ ಹೋಗುವ ರಸ್ತೆಯಿಲ್ಲ. ಬಂಡೆಗಳನ್ನೂ ಯಂತ್ರಗಳನ್ನೂ ರೈಲಿನಲ್ಲಿಯೇ ಒಯ್ಯಬೇಕು. ಸುರಿಯುವ ಮಳೆಯಲ್ಲಿ ಹಗಲಿರುಳು ಅಲ್ಲಿ ನಿಂತು ದುಡಿದವರನ್ನೂ ಈ ಸಂದರ್ಭದಲ್ಲಿ ನೆನೆಯೋಣ.

ಉತ್ತರ 3 (ಕುಮಟಾ)

ನಿಮ್ಮ ಸಂತೋಷಕ್ಕೆ ನಾನು ಅಡ್ಡ ಬರುವುದಿಲ್ಲ, ಆದರೆ ಶಿರೂರನ್ನು ತಪ್ಪಿಹೋದ ಒಂದು ಪ್ರಯಾಣದ ಕಾರಣವೆಂದಷ್ಟೇ ಓದಿದಾಗ ನನಗೆ ಸಂಕಟವಾಯಿತು. ರಸ್ತೆ ಅಗಲಿಸಲು ಕಡಿದಾಗಿ ಕತ್ತರಿಸಿದ್ದ ಆ ಗುಡ್ಡದ ಬುಡದಲ್ಲಿ ಚಹಾದಂಗಡಿ ನಡೆಸುತ್ತಿದ್ದ ಕುಟುಂಬವೇ ಹೋಯಿತು. ಗಂಗಾವಳಿಯ ಆಚೆ ದಡದ ಉಳುವರೆಯಲ್ಲಿ ಮನೆಗಳು ನೀರುಪಾಲಾದವು. ಕೆಲಸಕ್ಕೆ ದಿನವೂ ಅಂಕೋಲೆಗೆ ಹೋಗುವ ನಾನು ಆ ದಿನಗಳಲ್ಲಿ ಕೊಂಕಣ ರೈಲನ್ನು ಹಿಡಿದೆ. ಸೇತುವೆ ಬಂದಾಗ ಇಡೀ ಬೋಗಿ ಮಾತು ನಿಲ್ಲಿಸಿ ನದಿಯ ಕಡೆ ನೋಡುತ್ತಿತ್ತು. ಅಷ್ಟು ವರ್ಷ ಒಂದೇ ರಸ್ತೆಯಲ್ಲಿ ಒಬ್ಬೊಬ್ಬರೇ ಓಡಾಡಿದವರು ಅಲ್ಲಿ ಪರಸ್ಪರ ಪರಿಚಿತರಾದೆವು. ನನಗೆ ದಕ್ಕಿದ್ದು ಅಷ್ಟೇ.

ಪ್ರಶ್ನೆ ಕೇಳಿದವನು

ಕುಮಟಾದವರೇ, ನೀವು ಹೇಳಿದ್ದು ಸರಿ; ಆ ಸಾಲನ್ನು ನಾನು ಅಷ್ಟು ಹಗುರವಾಗಿ ಬರೆಯಬಾರದಿತ್ತು, ಕ್ಷಮಿಸಿ. ಹಾಸನದ ಹಿರಿಯರಿಗೂ ಮಡಿಕೇರಿಯ ಅಕ್ಕನಿಗೂ ವಂದನೆಗಳು. ಮುಂದಿನ ವರ್ಷದ (2025) ಆಟಿ ಅಮಾವಾಸ್ಯೆ ಜುಲೈ 24ರಂದು ಬರುತ್ತದೆ. ಅದರ ಆಚೀಚೆ ಒಂದು ವಾರದ ರಜೆಗೆ ಈಗಲೇ ಅರ್ಜಿ ಹಾಕಿದ್ದೇನೆ; ಹಿಂದಿರುಗುವ ಟಿಕೆಟನ್ನು ಮಾತ್ರ ಈ ಬಾರಿ ಮೊದಲೇ ತೆಗೆಯುವುದಿಲ್ಲ.