ಕಿಲಿಮಂಜಾರೋಕ್ಕ ಹೊಂಟೀನ್ರಿ, ಅಲ್ಲಿನ ಸ್ವಾಹಿಲಿ ಭಾಷೆ ಎಷ್ಟು ಕಲಿತು ಹೋಗ್ಬೇಕು?

ತುಂಗಭದ್ರಾ_ತೀರ (ಗಂಗಾವತಿ)
ಎಲ್ಲಾರಿಗೂ ನಮಸ್ಕಾರ್ರಿ. ಬರೋ ಜನವರಿಗೆ ತಾಂಜಾನಿಯಾಕ್ಕ ಹೊಂಟೀನಿ, ಕಿಲಿಮಂಜಾರೋ ಹತ್ತಾಕ, ಮಚಾಮೆ ರೂಟ್ ಬುಕ್ ಆಗೈತಿ. 5,895 ಮೀಟರ್ ಅಂದ್ರ ಸಣ್ಣ ಮಾತಲ್ಲ, ಅದಕ್ಕ ದಿನಾ ಮುಂಜಾನೆ ಅಂಜನಾದ್ರಿ ಮೆಟ್ಲ ಹತ್ತಿ ಇಳೀತೀನಿ, ಕಾಲಿನ ಚಿಂತಿ ಇಲ್ಲ. ಗೈಡ್‌ಗೆ ಇಂಗ್ಲಿಷ್ ಬರ್ತೈತಂತ, ಆದ್ರ ಸಾಮಾನು ಹೊರೋ ಪೋರ್ಟರ್‌ಗಳು, ಅಡಿಗಿ ಮಾಡೋರು ಇವರ ಜೊತಿ ವಾರದ ಹತ್ತತ್ರ ಇರಬೇಕಲ್ಲ, ನನ್ನ ಟೆಂಟ್ ಹೊತ್ತು ತರೋ ಮನಷ್ಯಾಗ ಊಟಾತೇನು ಅಂತ ಕೇಳಾಕೂ ಬರದಿದ್ರ ಹೆಂಗ್ರಿ? ಆ್ಯಪ್‌ನ್ಯಾಗ ಬರೇ ಬಣ್ಣ, ಪ್ರಾಣಿ ಹೆಸರು ಬರ್ತಾವ. ಬೆಟ್ಟದ ಮ್ಯಾಲೆ ಏನು ಬೇಕಾಗ್ತೈತಿ, ಹೋಗಿ ಬಂದೋರು ಹೇಳ್ರಿ.

ಮುದಗಲ್_ಕೋಟೆ
ಹೆದರಬ್ಯಾಡ್ರಿ, ನಮ್ಮ ಕಡೆಯೋರಿಗೆ ಸ್ವಾಹಿಲಿ ಬಾಯಿಗೆ ಲಗೂನ ಕುಂದರ್ತೈತಿ. ಪದ ಹೆಚ್ಚುಕಮ್ಮಿ ಎಲ್ಲಾ ಸ್ವರದಾಗ ಮುಗೀತಾವ, ಬರದಂಗ ಓದೋದು. ರಾಯಚೂರು ಬಜಾರದಾಗ ಉರ್ದು ಕೇಳ್ಕೋಂತ ಬೆಳದೋರಿಗಂತೂ ಅರ್ಧ ಪರಿಚಯನ ಅದಾವ: ದುಕಾ ಅಂದ್ರ ಅಂಗಡಿ, ದವಾ ಅಂದ್ರ ಔಷಧ, ಚಾಯ್ ಚಹಾನ, ಚಪಾತಿ ಚಪಾತಿನ. ನಿಮ್ಮ ರೂಟಿನ ಕೊನೀ ಕ್ಯಾಂಪ್ ಬರಾಫು, ಬರ್ಫ್ ಅಂದ್ರ ಗೊತ್ತಲ್ಲ, ಮಂಜುಗಡ್ಡಿ. ಊಟಾತೇನು ಅನ್ನಾಕ 'ಉಮೇಕುಲಾ?' ಅನ್ರಿ. ವಯಸ್ಸಾದೋರು ಸಿಕ್ರ 'ಶಿಕಾಮೋ' ಅಂತ ನಮಸ್ಕಾರ ಹೇಳ್ರಿ, ಅವರು 'ಮಾರಾಹಾಬಾ' ಅಂತಾರ. ಹಿರಿಯರಿಗೆ ಬರೇ 'ಜಾಂಬೋ' ಅನ್ನೋದು ನನಗ ಸರಿ ಕಾಣಂಗಿಲ್ಲ, ಅದು ಟೂರಿಸ್ಟ್ ಮಾತು.

ಇನ್ನೊಂದು, ಟೈಮ್. ಅವರು ತಾಸು ಎಣಿಸೋದು ಸೂರ್ಯ ಹುಟ್ಟಿದ ಮ್ಯಾಲಿಂದ, ಮುಂಜಾನೆ 7 ಅಂದ್ರ ಅವರಿಗೆ 1. ರಾತ್ರಿ ತಾಸು ಸೂರ್ಯ ಮುಳುಗಿದ ಮ್ಯಾಲಿಂದ ಮತ್ತ 1ರಿಂದ ಎಣಿಸ್ತಾರ. ತುದಿಗೆ ಹೊರಡೋದು ನಡುರಾತ್ರಿ ಸುಮಾರಿಗೆ, ಅದು ಅವರ ಲೆಕ್ಕದಾಗ 'ಸಾ ಸೀತಾ', ಅಂದ್ರ 6. ಅಡಿಗಿಯೋರು ಸಾ ಸೀತಾ ಅಂದ್ರ ಬೆಳಗಿನ 6 ಅಂತ ತಿಳ್ಕೊಂಡು ಮಲಗಿಬಿಟ್ಟೀರಿ.

ಸಂಡೂರು_ಹಾದಿ
ಮ್ಯಾಲಿನೋರು ಹೇಳಿದ್ದು ಸರಿ ಐತಿ ಆದ್ರೆ ಮೊದಲು ಕಲೀಬೇಕಾದ್ದು ಮೈ ತ್ರಾಸ ಹೇಳೋ ಮಾತು. 'ಕಿಚ್ವಾ ಕಿನಾಉಮಾ' ತಲೆ ನೋಯ್ತೈತಿ, 'ನಾತಪೀಕಾ' ವಾಂತಿ ಆಗ್ತೈತಿ, 'ಕಿಜುಂಗುಜುಂಗು' ತಲೆ ಸುತ್ತು, 'ನಾತಾಕಾ ಕುಶೂಕಾ' ನನಗ ಕೆಳಗ ಇಳೀಬೇಕು. ಇವನ್ನ ನಿದ್ದಿಗಣ್ಣಾಗ ಎಬ್ಬಿಸಿ ಕೇಳಿದ್ರೂ ಬರಂಗ ಬಾಯಿಪಾಠ ಮಾಡ್ರಿ. ಯಾಕಂದ್ರ ಎತ್ತರದಾಗ ಆಕ್ಸಿಜನ್ ಕಡಿಮಿ ಆಗಿ ಮೆದುಳು ಬಾತ್ರ ಮನಷ್ಯಾ ತೊದಲ್ತಾನ, ಗೊಂದಲ ಆಗ್ತಾನ, ಆ ಹೊತ್ತಿಗೆ ಇಂಗ್ಲಿಷ್ ಬರೋ ಗೈಡ್ ಮುಂದ ಹೋಗಿರಬಹುದು, ಪಕ್ಕದಾಗ ಇರೋದು ಪೋರ್ಟರ್ ಒಬ್ಬನ. ದೊಡ್ಡ ಮದ್ದು ಅಂದ್ರ ಇಳಿಯೋದು, ತಡ ಮಾಡಬಾರ್ದು. ಊರಿಗೆಲ್ಲಾ ಹೇಳಿ ಬಂದೀನಿ ಅಂತ ತಲೆನೋವು ಮುಚ್ಚಿಡಬ್ಯಾಡ್ರಿ, ಕೈ ಮುಗೀತೀನಿ.

'ಪೋಲೆ ಪೋಲೆ' ಅಂತ ದಾರಿ ತುಂಬ ಅಂತಾರ, ನಿಧಾನ ಅಂತ. ಬರೇ 'ಪೋಲೆ' ಅಂದ್ರ ಅಯ್ಯೋ ಪಾಪ ಅಂದಂಗ.

ತುಂಗಭದ್ರಾ_ತೀರ
ಭಾಳ ಉಪಕಾರ ಆತ್ರಿ ಇಬ್ಬರಿಗೂ. ಬೆಟ್ಟದ ಬುಡದಾಗ ಚಗ್ಗಾ ಜನ ಅದಾರ, ಅವರ ಭಾಷೆನ ಬ್ಯಾರೆ ಅಂತ ಓದಿದೆ, ಅದೂ ಕಲೀಬೇಕೇನ್ರಿ?

ಮುದಗಲ್_ಕೋಟೆ
ಬ್ಯಾಡ್ರಿ, ಅವರಿಗೆ ಸ್ವಾಹಿಲಿ ಚಲೋ ಬರ್ತೈತಿ. ಬೆಟ್ಟದ ಬುಡದ ಊರು ಮೋಶಿಗೆ ಹೋದ ಮ್ಯಾಲೆ ಒಂದು ನಮಸ್ಕಾರದ ಮಾತು ಅವರನ್ನ ಕೇಳಿ ಕಲೀರಿ, ಸಾಕು.